ನೀರು 1,200 ಅಡಿಯಲ್ಲಿ ಇಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ಬೇಸಿಗೆಯಲ್ಲಿ ನಿಮ್ಮ ಜಿಲ್ಲಾ ಪುಟದಲ್ಲಿ ‘ಅಂತರ್ಜಲ ಮಟ್ಟ 1,200 ಅಡಿಗೆ ಕುಸಿತ’ ಅಂತ ದಪ್ಪ ಅಕ್ಷರದ ಸುದ್ದಿ ಬಂದಿತ್ತು. ನಮ್ಮ ಪಕ್ಕದ ತೋಟದವರು ಆ ಪುಟವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಬಂದು ನನಗೆ ತೋರಿಸಿದರು. ಅದೇ ವಾರ ಅವರ ತೋಟದಲ್ಲಿ ಬೋರ್ ಕೊರೆಸುತ್ತಿದ್ದರು. 340 ಅಡಿಯಲ್ಲಿ ಒಂದು ಗ್ಯಾಪ್ (ಕಲ್ಲಿನ ಬಿರುಕು) ಸಿಕ್ಕಿ ಒಂದು ಇಂಚಿನಷ್ಟು ನೀರು ಬಂದಿತ್ತು. ಇಷ್ಟು ಸಾಕು, ನಿಲ್ಲಿಸಿ ಅಂದೆ. ‘ಅಲ್ಲ ಸಾರ್, ನೀರು ಇರೋದೇ 1,200 ಅಡೀಲಿ ಅಂತ ಪೇಪರ್‌ನಲ್ಲೇ ಬಂದಿದೆಯಲ್ಲ’ ಅಂದರು. ರಿಗ್‌ನವರಿಗೆ ಬೇಡ ಅನ್ನಲು ಕಾರಣವೇ ಇರಲಿಲ್ಲ. ಅವರದು ಅಡಿಗಿಷ್ಟು ಅಂತ ಲೆಕ್ಕ, ಆಳ ಹೋದಷ್ಟೂ ದರ ಏರುತ್ತದೆ. 1,150 ಅಡಿವರೆಗೆ ಹೋದರು. 340ರ ಕೆಳಗೆ ಒಂದು ಲೋಟ ನೀರೂ ಜಾಸ್ತಿಯಾಗಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ತಂದ ದುಡ್ಡು ಅದು.

ತಪ್ಪೆಲ್ಲ ನಿಮ್ಮದೇ ಅನ್ನುತ್ತಿಲ್ಲ. ಅವರಿಗೂ ಆಸೆ ಇತ್ತು, ನನಗೂ ಗಟ್ಟಿಯಾಗಿ ಹೇಳುವ ಧೈರ್ಯ ಇರಲಿಲ್ಲ. ಆದರೆ ಆ ತಲೆಬರಹದಲ್ಲಿ ಒಂದು ಪದ ತಪ್ಪಾಗಿತ್ತು, ಅದನ್ನು ಹೇಳಲೇಬೇಕು ಅಂತ ಅವತ್ತಿಂದ ಅಂದುಕೊಳ್ಳುತ್ತಾ ಇದ್ದೆ, ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಭೂವಿಜ್ಞಾನ. ಇಪ್ಪತ್ತೈದು ವರ್ಷದಿಂದ ಹಿರಿಯೂರು, ಶಿರಾ, ಪಾವಗಡ ಸುತ್ತಮುತ್ತ ಬೋರ್‌ವೆಲ್ ಪಾಯಿಂಟ್ ಕೊಡುವ ಕೆಲಸ. ನೆಲಕ್ಕೆ ನಾಲ್ಕು ಕಡ್ಡಿ ನೆಟ್ಟು, ಕರೆಂಟ್ ಬಿಟ್ಟು, ಕಲ್ಲು ಎಲ್ಲಿ ಒಡೆದಿದೆ ಅಂತ ಅಂದಾಜು ಮಾಡುತ್ತೇನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರಿಗೆ ನನಗಿಂತ ಜಾಸ್ತಿ ಗಿರಾಕಿಗಳು, ಅದು ಬೇರೆ ಮಾತು.

ನಮ್ಮ ಕಡೆ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಗ್ರಾನೈಟ್, ನೈಸ್, ಅಲ್ಲಲ್ಲಿ ಶಿಸ್ಟ್. ಇವು ನೀರು ಹೀರಿ ಇಟ್ಟುಕೊಳ್ಳುವ ಕಲ್ಲುಗಳಲ್ಲ. ಮೇಲೆ ಒಂದಷ್ಟು ಅಡಿ ಬಿಸಿಲು ಮಳೆಗೆ ಪುಡಿಯಾದ ಗರಸು ಇರುತ್ತದೆ, ಅದರಲ್ಲಿ ನೀರು ನಿಲ್ಲುತ್ತದೆ. ಅದರ ಕೆಳಗೆ ಏನಿದ್ದರೂ ಕಲ್ಲಿನ ಬಿರುಕಿನಲ್ಲಿ. ರಿಗ್‌ನವರು ಅದನ್ನೇ ಗ್ಯಾಪ್ ಅನ್ನುತ್ತಾರೆ, ರೈತರು ಸೆಲೆ ಅನ್ನುತ್ತಾರೆ. ಕೆಳಗೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ, ಹಾಗಾಗಿ ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈಗ ಒಂದು ಬೋರ್ ಅಂದರೆ ಮೂರು ಸಂಖ್ಯೆ. ಎಷ್ಟು ಅಡಿ ಕೊರೆದಿರಿ. ಎಷ್ಟನೇ ಅಡಿಯಲ್ಲಿ ಸೆಲೆ ಸಿಕ್ಕಿತು. ಮೋಟರ್ ಓಡಿಸದೆ ಸುಮ್ನೆ ಬಿಟ್ಟರೆ ನೀರು ಮೇಲೆ ಬಂದು ಎಷ್ಟನೇ ಅಡಿಗೆ ನಿಲ್ಲುತ್ತದೆ. 700 ಅಡಿಯಲ್ಲಿ ಸಿಕ್ಕ ನೀರು ಒತ್ತಡಕ್ಕೆ ಮೇಲೆದ್ದು 150 ಅಡಿಗೆ ಬಂದು ನಿಂತದ್ದನ್ನು ನಾನೇ ಹಗ್ಗ ಬಿಟ್ಟು ಅಳೆದಿದ್ದೇನೆ. ಅಂತರ್ಜಲ ಮಟ್ಟ ಅಂತ ಕರೆಯುವುದಿದ್ದರೆ ಆ ಮೂರನೆಯದನ್ನು ಕರೆಯಿರಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ತೆರೆದ ಬಾವಿಯಲ್ಲಿ ಬಗ್ಗಿ ನೋಡಿದರೆ ಕಾಣುತ್ತದಲ್ಲ, ಅದನ್ನು. ಇಲಾಖೆಯವರು ವೀಕ್ಷಣಾ ಬಾವಿಗಳಲ್ಲಿ ಅಳೆದು ಮೀಟರ್ ಲೆಕ್ಕದಲ್ಲಿ ಕೊಡುವುದೂ ಅದೇ. ನಿಮ್ಮ ವರದಿಯಲ್ಲಿದ್ದ 1,200 ಯಾರೋ ಕೊರೆದ ತೂತಿನ ಉದ್ದ. ಅಷ್ಟು ಆಳದವರೆಗೆ ಜನ ನೀರು ಹುಡುಕುತ್ತಿದ್ದಾರೆ ಅನ್ನುವುದು ದೊಡ್ಡ ಸುದ್ದಿಯೇ, ಅದನ್ನು ಹಾಗೇ ಬರೆಯಬಹುದಿತ್ತು. ‘1,200 ಅಡಿ ಕೊರೆದರೂ ನೀರಿಲ್ಲ’ ಅಂತ ಇದ್ದಿದ್ದರೆ ನಮ್ಮ ಪಕ್ಕದವರು ರಿಗ್ ನಿಲ್ಲಿಸುತ್ತಿದ್ದರೋ ಏನೋ.

ಇದೊಂದೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನೆಲ, ಕಲ್ಲು, ಗುಡ್ಡದ ಸುದ್ದಿ ಬಂದಾಗೆಲ್ಲ ಹೀಗೇ ಆಗುತ್ತದೆ. ಇದು ನಿಮ್ಮ ಪತ್ರಿಕೆಗೆ ಮಾತ್ರ ಹೇಳುವ ಮಾತೂ ಅಲ್ಲ.

‘ಭೂಕುಸಿತ’ ಅನ್ನುವ ಪದ ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ಅದು ಭೂಕುಸಿತ. ಎರಡು ವಾರ ಕಳೆದು ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಮೇಲೆಲ್ಲೋ ಬೆಟ್ಟದ ಮಣ್ಣು ಸಡಿಲವಾಗಿ, ನೀರು, ಕಲ್ಲು, ಮರ ಎಲ್ಲ ಕಲಸಿಕೊಂಡು ಹಳ್ಳದ ಜಾಡು ಹಿಡಿದು ಸುಮಾರು 8 ಕಿಲೋಮೀಟರ್ ನುಗ್ಗಿ ಮುಂಡಕ್ಕೈ, ಚೂರಲ್ಮಲೆ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಅದೂ ಭೂಕುಸಿತ. 2023ರ ಜನವರಿಯಲ್ಲಿ ಹಿಮಾಲಯದ ಜೋಶಿಮಠದಲ್ಲಿ ಊರಿನ ನೆಲವೇ ನಿಧಾನಕ್ಕೆ ಕೆಳಗಿಳಿಯುತ್ತಾ ಮನೆಗಳ ಗೋಡೆ ಬಿರಿದವು, ಉಪಗ್ರಹದ ಲೆಕ್ಕದಲ್ಲಿ 12 ದಿನಕ್ಕೆ 5.4 ಸೆಂಟಿಮೀಟರ್. ಅದೂ ಭೂಕುಸಿತ. ಬೆಂಗಳೂರಿನಲ್ಲಿ ಚರಂಡಿ ಪೈಪ್ ಒಡೆದು ರಸ್ತೆಯಲ್ಲಿ ಗುಂಡಿ ಬಿದ್ದರೂ ಒಬ್ಬರು ವರದಿಗಾರರು ಭೂಕುಸಿತ ಅಂತ ಬರೆದದ್ದನ್ನು ನೋಡಿದ್ದೇನೆ.

ಪದ ಒಂದೇ ಆದರೆ ಏನು ಗಂಟು ಹೋಯಿತು ಅಂತ ನೀವು ಕೇಳಬಹುದು. ಗುಡ್ಡ ಜಾರುವುದಾದರೆ ಅಪಾಯ ಇರುವುದು ಗುಡ್ಡದ ಬುಡದಲ್ಲಿ, ಅಲ್ಲಿಂದ ಎದ್ದು ಹೋಗಬೇಕು. ವಯನಾಡಿನಂಥದ್ದಾದರೆ ಗುಡ್ಡ ಕಣ್ಣಿಗೇ ಕಾಣದಷ್ಟು ದೂರ ಇರಬಹುದು, ಅಲ್ಲಿ ನೋಡಬೇಕಾದ್ದು ಹಳ್ಳವನ್ನು. ಹಳ್ಳದ ನೀರು ದಿಢೀರನೆ ಕೆಂಪಾಯಿತಾ, ಮಳೆ ಸುರಿಯುತ್ತಿದ್ದರೂ ನೀರು ಕಡಿಮೆಯಾಯಿತಾ, ಮೇಲೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಜೋಶಿಮಠದಂಥದ್ದಕ್ಕೆ ಓಡುವ ಅವಸರ ಇಲ್ಲ, ಅಲ್ಲಿ ಯಾಕೆ ಇಳಿಯುತ್ತಿದೆ ಅಂತ ಕೂತು ನೋಡಬೇಕು. ಮೂರಕ್ಕೂ ಒಂದೇ ಪದ ಹಾಕಿದರೆ ‘ಭೂಕುಸಿತದ ಎಚ್ಚರಿಕೆ’ ಅಂತ ಮೊಬೈಲಿಗೆ ಮೆಸೇಜ್ ಬಂದಾಗ ಮನುಷ್ಯ ಯಾವ ಕಡೆ ಓಡಬೇಕು?

ಪಕ್ಕದ ಮಲಯಾಳದವರಿಗೆ ಈ ತೊಂದರೆ ಇಲ್ಲ. ಮಣ್ಣಿನ ದಿಬ್ಬ ಕುಸಿದರೆ ಅವರು ಮಣ್ಣಿಡಿಚ್ಚಿಲ್ ಅನ್ನುತ್ತಾರೆ. ವಯನಾಡಿನಂಥದ್ದಕ್ಕೆ ಉರುಳ್ ಪೊಟ್ಟಲ್ ಅನ್ನುತ್ತಾರೆ. ಪತ್ರಿಕೆಯವರೂ ಅದನ್ನೇ ಬರೆಯುತ್ತಾರೆ, ಚಹಾದಂಗಡಿಯವರೂ ಅದನ್ನೇ ಹೇಳುತ್ತಾರೆ. ನಮ್ಮಲ್ಲೂ ಪದ ಇಲ್ಲ ಅಂತೇನಿಲ್ಲ. ಕೊಡಗು, ದಕ್ಷಿಣ ಕನ್ನಡದಲ್ಲಿ ‘ಬರೆ ಕುಸಿಯಿತು’ ಅನ್ನುತ್ತಾರೆ, ಮನೆ ಹಿಂದೆ ಕಡಿದ ಕಡಿದಾದ ಮಣ್ಣಿನ ಗೋಡೆ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಮಲೆನಾಡಲ್ಲಿ ಅದೇ ‘ಧರೆ’. ಬರೆ ಕುಸಿತ, ಧರೆ ಕುಸಿತ, ಗುಡ್ಡ ಜಾರುವುದು, ನೆಲ ತಗ್ಗುವುದು. ವಯನಾಡಿನಂಥದ್ದಕ್ಕೆ ನಮ್ಮಲ್ಲಿ ನೆಲೆಯೂರಿದ ಪದ ಇಲ್ಲ, ‘ಕೆಸರು ಹೊಳೆ’ ಅಂತ ಬರೆದು ನೋಡಿ, ಬಳಸಿದರೆ ತಾನೇ ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಕೆಲವರು ‘ಜಲಸ್ಫೋಟ’ ಅಂತ ಬರೆದರು. ಬಾಂಬು ಸಿಡಿದ ಹಾಗೆ. ಮಳೆ ನೀರು ಇಂಗಿ ಮಣ್ಣಿನ ಹಿಡಿತ ತಪ್ಪಿದ್ದಕ್ಕೆ ಸ್ಫೋಟ ಯಾಕೆ ಬೇಕು? ಸ್ಫೋಟ ಅಂದರೆ ಎಲ್ಲಿಂದಲೋ ಬಂದು ಎರಗಿದ್ದು ಅನ್ನಿಸುತ್ತದೆ, ಇಳಿಜಾರು ಕಡಿದು ಸೈಟ್ ಮಾಡಿದವರು ಆರಾಮಾಗಿ ಪಕ್ಕಕ್ಕೆ ಸರಿಯುತ್ತಾರೆ.

ಭೂಕಂಪದ್ದು ಬೇಗ ಹೇಳಿ ಮುಗಿಸುತ್ತೇನೆ. ವಿಜಯಪುರ, ಕಲಬುರಗಿ ಕಡೆ ಆಗಾಗ ನೆಲ ಸಣ್ಣಗೆ ನಡುಗುತ್ತದೆ, ಪ್ರತಿ ಸಲವೂ ‘ರಿಕ್ಟರ್ ಮಾಪಕದಲ್ಲಿ 3.1 ತೀವ್ರತೆ’ ಅಂತಲೇ ಸುದ್ದಿ. ಆ 3.1 ತೀವ್ರತೆ ಅಲ್ಲ, ಪ್ರಮಾಣ. ನೆಲದೊಳಗೆ ಎಷ್ಟು ಶಕ್ತಿ ಬಿಡುಗಡೆಯಾಯಿತು ಅನ್ನುವುದರ ಲೆಕ್ಕ, ಒಂದು ಭೂಕಂಪಕ್ಕೆ ಅದು ಒಂದೇ. ತೀವ್ರತೆ ಅಂದರೆ ನೀವು ನಿಂತ ಜಾಗದಲ್ಲಿ ಎಷ್ಟು ಅಲುಗಾಡಿತು ಅನ್ನುವುದು, ಅದು ಊರಿಂದ ಊರಿಗೆ ಬದಲಾಗುತ್ತದೆ, ಅದಕ್ಕೆ 12 ಮೆಟ್ಟಿಲಿನ ಬೇರೆ ಅಳತೆಯೇ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು ಒಂದೇ ಭೂಕಂಪ. ಕಿಲ್ಲಾರಿಯಲ್ಲಿ ಕಲ್ಲು ಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದವು, ಬೀದರ್, ಕಲಬುರಗಿಯಲ್ಲಿ ಜನ ಎದ್ದು ಬೀದಿಗೆ ಓಡಿದರು. ಪ್ರಮಾಣ ಎರಡೂ ಕಡೆ ಅದೇ, ತೀವ್ರತೆ ಬೇರೆ. ಇನ್ನೊಂದು, ಪ್ರಮಾಣದಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ಕ್ಕೂ 6ಕ್ಕೂ ಇರುವುದು ಎರಡು ಪಟ್ಟಿನ ವ್ಯತ್ಯಾಸ ಅಂತ ಯಾರೂ ತಿಳಿಯಬಾರದು, ಅದು 30 ಸಾವಿರ ಪಟ್ಟು ದಾಟುತ್ತದೆ. ರಿಕ್ಟರ್ ಹೆಸರನ್ನಂತೂ ಕೈಬಿಡಬಹುದು. ಅವರು 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಗೆ ಅಂತ ಮಾಡಿದ ಅಳತೆ ಅದು, ಈಗ ದೊಡ್ಡ ಭೂಕಂಪಗಳಿಗೆ ಬಳಸುವುದು ಬೇರೆ. ಸುಮ್ನೆ ‘ಪ್ರಮಾಣ 3.1’ ಅಂದರೆ ಸಾಕು.

ಈಗ ಚಿನ್ನಕ್ಕೆ ಬರುತ್ತೇನೆ. ಇದರಲ್ಲಿ ನಿಮಗೂ ನಗು ಬರಬಹುದು.

2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್ ಚಿನ್ನ ಸಿಕ್ಕಿತು ಅಂತ ದೇಶವೆಲ್ಲ ಸುದ್ದಿಯಾಯಿತು. ನಮ್ಮೂರ ಕಟಿಂಗ್ ಶಾಪಿನಲ್ಲಿ ಇನ್ನು ಚಿನ್ನದ ರೇಟು ಇಳಿಯುತ್ತದೆ ಅಂತ ಮದುವೆ ಮುಂದೂಡುವ ಮಾತೂ ಆಯಿತು. ಎರಡೇ ದಿನಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಹೇಳಿತು, ಅಲ್ಲಿ ಅಂದಾಜು ಮಾಡಿರುವುದು ಸುಮಾರು 52,800 ಟನ್ ಅದಿರು, ಒಂದು ಟನ್ ಅದಿರಿಗೆ 3.03 ಗ್ರಾಂ ಚಿನ್ನ, ಒಟ್ಟು ಸೇರಿಸಿದರೆ 160 ಕಿಲೋ. ಟನ್ ಅಲ್ಲ, ಕಿಲೋ. ಅದಿರು ಅಂದರೇನು, ಅದರಲ್ಲಿರುವ ಲೋಹ ಅಂದರೇನು ಅನ್ನುವ ಅಂತರವನ್ನು ಒಬ್ಬರಾದರೂ ನಿಂತು ಕೇಳಿದ್ದರೆ ಆ ಸುದ್ದಿ ಹುಟ್ಟುತ್ತಲೇ ಇರಲಿಲ್ಲ. (ಅದಿರು ಅಂದರೆ ಕನ್ನಡದಲ್ಲಿ ನಡುಗು ಅಂತಲೂ ಅರ್ಥ ಇದೆ. ಚಿನ್ನದಂಗಡಿಯವರು ಅವತ್ತು ಎರಡೂ ಅರ್ಥದಲ್ಲಿ ಅದಿರಿರಬೇಕು.)

ನಮ್ಮ ಮಂಡ್ಯದ್ದೂ ಅದೇ ಕತೆ. ಅದೇ ತಿಂಗಳು ಮರ್ಲಗಲ್ಲದ ಹತ್ತಿರ 14,100 ಟನ್ ಲಿಥಿಯಂ ಇದೆ ಅಂತ ಬಂತು. ಮರುವರ್ಷ ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಲೆಕ್ಕ 1,600 ಟನ್, ಅದೂ ಪ್ರಾಥಮಿಕ ಅಂದಾಜು. ನೀವು ಇಂಥ ಎಲ್ಲದಕ್ಕೂ ‘ನಿಕ್ಷೇಪ ಪತ್ತೆ’ ಅಂತ ಬರೆಯುತ್ತೀರಿ. ಓದುವವನಿಗೆ ನಿಕ್ಷೇಪ ಅಂದರೆ ಹಂಡೆಯಲ್ಲಿ ಹೂತಿಟ್ಟ ನಿಧಿಯ ಹಾಗೆ, ತೋಡಿದರೆ ಕೈಗೆ ಸಿಗುವಂಥದ್ದು. ನಮ್ಮ ಕಸುಬಿನಲ್ಲಿ ಹಾಗಿಲ್ಲ. ಮೇಲಿಂದ ನೋಡಿ ಇರಬಹುದು ಅನ್ನುವುದು ಒಂದು ಹಂತ, ಅಲ್ಲೊಂದು ಇಲ್ಲೊಂದು ತೂತು ಕೊರೆದು ಅಂದಾಜಿಸುವುದು ಇನ್ನೊಂದು, ಒತ್ತಾಗಿ ಕೊರೆದು ಇಷ್ಟೇ ಇದೆ ಅನ್ನುವುದು ಮತ್ತೊಂದು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅಂತ 2023ರಲ್ಲಿ ಕುಣಿದಾಡಿದರಲ್ಲ, ಅದು ನಡುವಿನ ಹಂತದ್ದು. ಎಲ್ಲ ಹಂತ ದಾಟಿದ ಮೇಲೂ ತೆಗೆಯುವ ಖರ್ಚು ಗಿಟ್ಟಬೇಕು. ಗಿಟ್ಟಿದರೆ ಮಾತ್ರ ಅದು ನಾವು ಮೀಸಲು ಅನ್ನುವ ಲೆಕ್ಕಕ್ಕೆ ಬರುತ್ತದೆ. ಕೋಲಾರದ ಗಣಿಗಳನ್ನು 2001ರಲ್ಲಿ ಮುಚ್ಚಿದಾಗ ಒಳಗೆ ಚಿನ್ನ ಪೂರ್ತಿ ಮುಗಿದಿರಲಿಲ್ಲ. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದಿಂದ ಕಲ್ಲು ಮೇಲೆ ತಂದು, ಪುಡಿ ಮಾಡಿ, ಟನ್ನಿಗೆ ಕೆಲವೇ ಗ್ರಾಂ ತೆಗೆಯುವ ಖರ್ಚು ಚಿನ್ನದ ಬೆಲೆ ಮೀರಿತ್ತು. ಚಿನ್ನ ಅಲ್ಲೇ ಇತ್ತು, ಮೀಸಲು ಇರಲಿಲ್ಲ. ಈಗ ಬೆಲೆ ಏರಿದ ಮೇಲೆ ಅಲ್ಲಿನ ಸೈನೈಡ್ ದಿಬ್ಬಗಳ ಮೇಲೂ, ಅಂದರೆ ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ರಾಶಿಗಳ ಮೇಲೂ, ಎಲ್ಲರಿಗೂ ಕಣ್ಣು.

ಇಷ್ಟೆಲ್ಲ ಹೇಳಿದೆ ಅಂತ ದೊಡ್ಡ ದೊಡ್ಡ ಸಂಸ್ಕೃತ ಪದ ತುಂಬಿ ಅಂತ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಆಸೆ ಅದರ ಉಲ್ಟಾ. ನಮ್ಮ ಶಾಲೆ ಪುಸ್ತಕಗಳಲ್ಲಿ ಕೆಲವು ಪದ ಎಷ್ಟು ಚೆನ್ನಾಗಿವೆ ನೋಡಿ. ಪಳೆಯುಳಿಕೆ. ಹಳೆಯದು ಉಳಿದದ್ದು, ಮುಗಿಯಿತು, ಯಾರೂ ವಿವರಿಸಬೇಕಿಲ್ಲ. ಶಿಲಾಪಾಕ, ಅಂದರೆ ನೆಲದೊಳಗೆ ಕರಗಿದ ಕಲ್ಲು, ಇಂಗ್ಲಿಷಿನ ಮ್ಯಾಗ್ಮಾ, ಅನ್ನುವುದು ನನಗೆ ತುಂಬ ಇಷ್ಟ. ಬೆಲ್ಲದ ಪಾಕ ಕಾಯಿಸಿದವರಿಗೆ ಗೊತ್ತು, ಎಳೆ ಪಾಕ ಹರಿಯುವುದೇ ಬೇರೆ, ಉಂಡೆ ಪಾಕ ನಿಲ್ಲುವುದೇ ಬೇರೆ. ಕಲ್ಲಿನ ಪಾಕವೂ ಹಾಗೇ. ವಿಜಯಪುರ, ಬೀದರ್ ಕಡೆ ನೆಲದ ಕೆಳಗಿರುವ ಕರಿ ಬಸಾಲ್ಟ್ ತೆಳು ಪಾಕವಾಗಿ ಬಂದದ್ದು, ಅದಕ್ಕೇ ಅಷ್ಟು ದೂರ ಹಾಸಿಕೊಂಡಿತು, ಅದು ಪುಡಿಯಾಗಿಯೇ ಅಲ್ಲಿಯ ಎರೆ ನೆಲ ಆಯಿತು. ಗಟ್ಟಿ ಪಾಕ ಬಾಯಿ ಕಟ್ಟಿಕೊಂಡು ಒಳಗೆ ಒತ್ತಡ ಏರಿ ಸಿಡಿಯುತ್ತದೆ. ಒಂದು ಪದ ಇಷ್ಟೆಲ್ಲ ಹೇಳುವಾಗ ಅದನ್ನು ಬಿಟ್ಟು ಎಲ್ಲದಕ್ಕೂ ‘ಲಾವಾ’ ಅಂತ ಬರೆಯುವುದು ಯಾಕೆ? ಅಂದ ಹಾಗೆ ಚಿತ್ರದುರ್ಗದ ಪಕ್ಕ ಮರಡಿಹಳ್ಳಿಯಲ್ಲಿ ನೀರಿನೊಳಗೆ ಹರಿದು ದಿಂಬಿನ ಹಾಗೆ ಗುಂಡಗಾದ ಲಾವಾ ಕಲ್ಲುಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟೆ ನೋಡಲು ಬಂದವರಲ್ಲಿ ನೂರಕ್ಕೆ ಒಬ್ಬರೂ ಆ ಕಡೆ ಹೋಗುವುದಿಲ್ಲ.

ನಮ್ಮ ಜನರ ಪದ ಪ್ರಪಂಚಕ್ಕೇ ಹೋಗಿ ಬಂದದ್ದೂ ಇದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವವರು ಕಂಪನಿ ಸರ್ಕಾರದ ಪರವಾಗಿ ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದರು. ಮಲಬಾರಿನ ಅಂಗಾಡಿಪುರಂನಲ್ಲಿ ನೆಲದಿಂದ ಕೆಂಪು ಕಲ್ಲು ಕಡಿಯುವುದನ್ನು ನೋಡಿದರು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಇಲ್ಲಿಯ ಭಾಷೆಗಳಲ್ಲಿ ಇದಕ್ಕೆ ಇಟ್ಟಿಗೆ ಕಲ್ಲು ಅನ್ನುತ್ತಾರೆ ಅಂತ ಬರೆದುಕೊಂಡರು. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’. 1807ರಲ್ಲಿ ಪುಸ್ತಕ ಬಂದಾಗ ಅದು ಲ್ಯಾಟರೈಟ್ ಆಗಿತ್ತು. ಈಗ ಬ್ರೆಜಿಲ್‌ನಿಂದ ಆಫ್ರಿಕಾವರೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ, ನಾವೂ ಪತ್ರಿಕೆಯಲ್ಲಿ ಲ್ಯಾಟರೈಟ್ ಅಂತಲೇ ಬರೆಯುತ್ತೇವೆ. ಶಿವಮೊಗ್ಗದ ಮೇಸ್ತ್ರಿ ಮಾತ್ರ ಇವತ್ತಿಗೂ ಜಂಬಿಟ್ಟಿಗೆ ಅನ್ನುತ್ತಾರೆ, ಉತ್ತರ ಕನ್ನಡದಲ್ಲಿ ಚಿರೇಕಲ್ಲು, ಮಂಗಳೂರಲ್ಲಿ ಕೆಂಪುಕಲ್ಲು. ಆ ಕೆಂಪುಕಲ್ಲಿನ ಕೆಳಗೆ ಕರಾವಳಿಯಲ್ಲಿ ಬಿಳಿಚಿಕೊಂಡ ಒಂದು ನುಣುಪು ಮಣ್ಣು ಇರುತ್ತದೆ, ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಹಿಡಿತ ಬಿಡುತ್ತದೆ, ಮಳೆಗಾಲದಲ್ಲಿ ಎಷ್ಟೋ ಬರೆಗಳು ಜಾರುವುದು ಇದರಿಂದಲೇ. ಎಂಜಿನಿಯರುಗಳು ಇಂಗ್ಲಿಷ್ ಪ್ರಬಂಧಗಳಲ್ಲೂ ಶೇಡಿ ಅಂತಲೇ ಬರೆಯುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಮಾತ್ರ ಅದು ‘ಸಡಿಲ ಮಣ್ಣು’ ಆಗಿಬಿಡುತ್ತದೆ.

ನಮ್ಮ ಪಾವಗಡ, ಮಧುಗಿರಿ ಕಡೆ ತಲಪರಿಗೆ ಅನ್ನುವ ಪದ ಇದೆ. ನೆಲ ತಗ್ಗಾಗಿರುವ ಕಡೆ ಮರಳಿನಿಂದ ನೀರು ತಾನಾಗಿ ಜಿನುಗುವ ಜಾಗ, ಅದಕ್ಕೊಂದು ಕಾಲುವೆ ತೋಡಿ ಗದ್ದೆಗೆ ಬಿಡುತ್ತಿದ್ದರು. ಅಂತರ್ಜಲ ಮಟ್ಟ ಅಂದರೆ ಏನು ಅಂತ ತೋರಿಸಲು ಅದಕ್ಕಿಂತ ಒಳ್ಳೆ ಪಾಠ ಇಲ್ಲ, ನೀರಿನ ಮಟ್ಟ ನೆಲದ ಮಟ್ಟಕ್ಕೆ ಬಂದು ಸೇರುವ ಜಾಗವೇ ಅದು. ಬೋರ್‌ಗಳು ಬಂದ ಮೇಲೆ ಎಷ್ಟೋ ತಲಪರಿಗೆಗಳು ಒಣಗಿದವು. ನಿಮ್ಮ ವರದಿಗಾರರು ಮುಂದಿನ ಬೇಸಿಗೆಯಲ್ಲಿ ಅಂತರ್ಜಲದ ಸುದ್ದಿ ಬರೆಯುವ ಮುಂಚೆ ಅಂಥ ಒಂದರ ಹತ್ತಿರ ಹೋಗಿ, ಅಲ್ಲಿಯ ಅಜ್ಜನೊಬ್ಬರನ್ನು ‘ಮೊದಲು ಎಲ್ಲಿವರೆಗೆ ನೀರಿತ್ತು’ ಅಂತ ಕೇಳಲಿ. ಅವರು ಅಡಿ ಲೆಕ್ಕದಲ್ಲಿ ಹೇಳುವುದಿಲ್ಲ, ಮೊಣಕಾಲು, ಸೊಂಟ ಅಂತ ಕೈಯಲ್ಲಿ ತೋರಿಸುತ್ತಾರೆ. ಹಾಗೇ ಬರೆಯಿರಿ. ರಿಗ್ ಮಾಲೀಕರನ್ನು ಕೇಳಿ ಬರೆದ 1,200ಕ್ಕಿಂತ ಅದು ಸರಿಯಾಗಿರುತ್ತದೆ.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ರಿಕ್ಟರ್ ಭಾಗ ಕತ್ತರಿಸಿ, ಬೋರ್‌ವೆಲ್ ಭಾಗ ಬಿಡಬೇಡಿ.

ಇಂತಿ ನಿಮ್ಮ ಹಳೆಯ ಓದುಗ,
ಹಿರಿಯೂರು

ಮರೆತಿದ್ದೆ: ಹೋದ ಭಾನುವಾರದ ಪುರವಣಿಯಲ್ಲಿ ಲಾಲ್‌ಬಾಗ್ ಬಂಡೆಗೆ 30 ಕೋಟಿ ವರ್ಷ ಅಂತ ಹಾಕಿದ್ದೀರಿ. ಅಲ್ಲಿನ ಫಲಕದಲ್ಲಿ ಇರುವುದು 3,000 ಮಿಲಿಯನ್. ಒಂದು ಮಿಲಿಯನ್ ಅಂದರೆ 10 ಲಕ್ಷ, ಹಾಗಾಗಿ ಅದು 300 ಕೋಟಿ. ಒಂದು ಸೊನ್ನೆ ಬಿಟ್ಟುಹೋಗಿದೆ, ಆ ಬಂಡೆಯ 270 ಕೋಟಿ ವರ್ಷ ಎಲ್ಲಿ ಹೋಯಿತು ಅಂತ ನನ್ನ ಮೊಮ್ಮಗಳು ಕೇಳುತ್ತಿದ್ದಾಳೆ.